ಕಾಯಕದ ಅಳತೆಯೂ ಕರಸ್ಥಲದ ಬಿಡುವೂ

॥ ಶ್ರೀ ಗುರುಬಸವಲಿಂಗಾಯ ನಮಃ ॥



ಕಾಯಕವು ನಮ್ಮ ಧರ್ಮದ ಜೀವಾಳವೆಂಬುದು ತಮಗೆಲ್ಲರಿಗೂ ವಿದಿತವಾದ ವಿಷಯ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿಮೆಯನ್ನು ಬರಿಯ ಹೊಟ್ಟೆಪಾಡೆಂಬ ಕೆಳಗಿನ ಮಣೆಯಿಂದ ಎಬ್ಬಿಸಿ ಪೂಜೆಯ ಪಕ್ಕದಲ್ಲಿ ಕುಳ್ಳಿರಿಸಿದರು. ಮಡಿವಾಳನ ಬಟ್ಟೆಯ ಗಂಟು, ಅಂಬಿಗನ ಹುಟ್ಟು, ಹಗ್ಗ ಹೊಸೆಯುವವನ ಹುಲ್ಲಿನ ಹೊರೆ ಇವೆಲ್ಲವೂ ಶಿವನಿಗೆ ಸಲ್ಲುವ ಸಾಧನಗಳೆಂದು ಸಾರಿದರು. ಇದನ್ನು ನಾವು ವರ್ಷವರ್ಷವೂ ಜಯಂತಿಗಳಲ್ಲಿ ಕೊಂಡಾಡುತ್ತೇವೆ. ಆದರೆ ಹಾಗೆ ಕೊಂಡಾಡುವಾಗ ಒಂದು ಪ್ರಶ್ನೆಯನ್ನು ಬಿಟ್ಟೇಬಿಡುತ್ತೇವೆ. ಕಾಯಕವನ್ನು ತೊಡಗಬೇಕೆಂದು ಹೇಳುತ್ತೇವೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದಿಲ್ಲ. ಈ ಪ್ರಶ್ನೆಯು ನನಗೆ ಎದುರಾದುದು ಗ್ರಂಥದಲ್ಲಿ ಅಲ್ಲ, ಬೆಂಗಳೂರಿನ ಬೆಳ್ಳಂದೂರಿನಲ್ಲಿ.

ಕಳೆದ ಶ್ರಾವಣದ ಒಂದು ಸೋಮವಾರ, ಅಲ್ಲಿ ನೆಲೆಸಿರುವ ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆನು. ಮಠದ ಪ್ರಸಾದನಿಲಯದಲ್ಲಿದ್ದು ಓದಿದ ಹುಡುಗ. ಈಗ ಹೊರವರ್ತುಲ ರಸ್ತೆಯ ಬದಿಯ ಗಾಜಿನ ಕಟ್ಟಡವೊಂದರಲ್ಲಿ ಕಂಪ್ಯೂಟರಿನ ಕೆಲಸ. ಹನ್ನೊಂದನೆಯ ಅಂತಸ್ತಿನಲ್ಲಿ ಸ್ವಂತ ಮನೆ. ಮನೆಯಲ್ಲಿ ತಾಯಿ, ಮಡದಿ, ಆರು ವರ್ಷದ ಮಗಳು. ರಾತ್ರಿ ಎಂಟು ಗಂಟೆಗೆ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿರಿಸಿಕೊಂಡು ಪೂಜೆಗೆ ಕುಳಿತನು. ಕಲಿಸಿದುದನ್ನು ಹುಡುಗ ಮರೆತಿಲ್ಲವಲ್ಲಾ ಎಂದು ನನ್ನ ಮನಸ್ಸು ಹಿಗ್ಗಿತು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಫೋನು ಒಮ್ಮೆ ಸದ್ದು ಮಾಡಿತು. ಅವನು ಅಲುಗಲಿಲ್ಲ. ಎರಡನೆಯ ಸಲಕ್ಕೆ ಕಣ್ಣು ಅತ್ತ ಹೊರಳಿತು. ಮೂರನೆಯ ಸಲಕ್ಕೆ ಬಲಗೈಯಲ್ಲಿದ್ದ ಬಿಲ್ವಪತ್ರೆಯನ್ನು ಕೆಳಗಿಟ್ಟು ಫೋನನ್ನು ಎತ್ತಿಕೊಂಡನು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಫೋನು, ದೃಷ್ಟಿಯು ಬಲಗೈಯಲ್ಲಿ. ಮಗು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಿತು.

ಪೂಜೆ ಮುಗಿದ ಮೇಲೆ, "ಏನಪ್ಪಾ, ಅಷ್ಟು ಅವಸರದ ಸಮಾಚಾರ?" ಎಂದು ಕೇಳಿದೆನು. ಅವನು ತಲೆ ತಗ್ಗಿಸಿ, "ಏನಿಲ್ಲ ಗುರುಗಳೇ. ನಾಳೆ ಹನ್ನೊಂದು ಗಂಟೆಗೆ ಒಂದು ಸಭೆ. ಅದರ ಪಟ್ಟಿಯಲ್ಲಿ ಒಂದು ಅಂಕಿ ಸರಿಯಾಗಿದೆಯೇ ಎಂದು ಮ್ಯಾನೇಜರು ಮೇಲ್ ಕಳಿಸಿದ್ದರು" ಎಂದನು. "ನಾಳೆ ಹತ್ತು ಗಂಟೆಗೆ ಉತ್ತರ ಬರೆದಿದ್ದರೆ ಆಗುತ್ತಿರಲಿಲ್ಲವೆ?" ಎಂದರೆ, "ಆಗುತ್ತಿತ್ತು" ಎಂದನು. ಒಳಗಿನಿಂದ ಅವನ ತಾಯಿ ಹೇಳಿದರು: "ಮೇಷ್ಟ್ರೇ, ಇವನು ಮನೆಗೆ ಬಂದು ಎಷ್ಟೋ ದಿನವಾಯಿತು. ದಿನವೂ ಬರುವುದು ಇವನ ಚಪ್ಪಲಿ ಮಾತ್ರ."

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು. ಆ ಮಾತಿನ ಸಾರವನ್ನೇ ಇಲ್ಲಿ ಅರಿಕೆ ಮಾಡುತ್ತಿದ್ದೇನೆ.

ಮೊದಲು ಅವನ ಕಷ್ಟವನ್ನು ನ್ಯಾಯವಾಗಿ ತಿಳಿಯಬೇಕು. ಬೆಳ್ಳಂದೂರು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಅನೇಕರ ಗಿರಾಕಿಗಳು ಭೂಮಿಯ ಮತ್ತೊಂದು ಪಾರ್ಶ್ವದಲ್ಲಿರುತ್ತಾರೆ. ಶ್ರಾವಣದಲ್ಲಿ ನಮಗೆ ರಾತ್ರಿ 8 ಗಂಟೆಯಾದಾಗ ಲಂಡನ್ನಿನಲ್ಲಿ ಮಧ್ಯಾಹ್ನ 3.30, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10.30, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 7.30. ನಮ್ಮ ಸಂಧ್ಯಾಕಾಲವೇ ಅವರ ಕೆಲಸದ ಹೊತ್ತು. ಹಿಂದೆ ಒಕ್ಕಲಿಗನಿಗೆ ಸೂರ್ಯನೇ ಸಾಕೆನ್ನುತ್ತಿದ್ದನು. ಕತ್ತಲಾದ ಮೇಲೆ ಎತ್ತೂ ನಿಲ್ಲುತ್ತಿತ್ತು, ನೇಗಿಲೂ ನಿಲ್ಲುತ್ತಿತ್ತು. ಈ ದುಡಿಮೆಗೆ ಸೂರ್ಯನು ಮುಳುಗುವುದೇ ಇಲ್ಲ. ಅಲ್ಲದೆ ಕಚೇರಿಯು ಈಗ ಒಂದು ಕಟ್ಟಡವಲ್ಲ. ಅದು ಅಂಗಿಯ ಜೇಬಿನಲ್ಲಿ ಮನೆಗೆ ಬಂದು, ಊಟದ ಎಲೆಯ ಪಕ್ಕದಲ್ಲಿಯೂ ಮಲಗುವ ಹಾಸಿಗೆಯ ತಲೆದೆಸೆಯಲ್ಲಿಯೂ ಕುಳಿತಿರುತ್ತದೆ. ಸೂರ್ಯನು ಹಾಕಿಕೊಡುತ್ತಿದ್ದ ಎಲ್ಲೆಯನ್ನು ಇನ್ನು ಮನುಷ್ಯನೇ ಹಾಕಿಕೊಳ್ಳಬೇಕಾಗಿದೆ. ಇದು ಹೊಸ ಕಷ್ಟವೆಂಬುದರಲ್ಲಿ ಸಂದೇಹವಿಲ್ಲ.

ಇರಲಿ. ನನ್ನ ಶಿಷ್ಯನು ಒಂದು ಗಟ್ಟಿಯಾದ ಆಕ್ಷೇಪವನ್ನು ಮುಂದಿಟ್ಟನು. "ಗುರುಗಳೇ, ನುಲಿಯ ಚಂದಯ್ಯನ ಕಥೆಯನ್ನು ತಾವೇ ನಮಗೆ ಹೇಳಿದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಚಂದಯ್ಯನು ಕಾಯಕವನ್ನು ಬಿಡಲಿಲ್ಲ. ಲಿಂಗವೇ ಅವನ ಬೆನ್ನು ಹತ್ತಿ ಬಂದಿತು ಎಂದು ಹೇಳಿದಿರಿ. ಕಾಯಕವು ಲಿಂಗಪೂಜೆಗಿಂತಲೂ ಹೆಚ್ಚಾದರೆ, ಪೂಜೆಯ ನಡುವೆ ನಾನು ಕೆಲಸದ ಪತ್ರವನ್ನು ನೋಡಿದುದು ತಪ್ಪು ಹೇಗೆ?"

ವಾದವು ಚೆನ್ನಾಗಿದೆ. ಇಂದು ಅನೇಕರು, ಮುಖ್ಯವಾಗಿ ಇತರರಿಂದ ದುಡಿಸಿಕೊಳ್ಳುವವರು, ಕಾಯಕದ ಹೆಸರನ್ನು ಹೀಗೆಯೇ ಬಳಸುತ್ತಾರೆ. ಆದುದರಿಂದ ಇದಕ್ಕೆ ಉತ್ತರವನ್ನು ವಿಚಾರಿಸಿ ಹೇಳಬೇಕು. ಚಂದಯ್ಯನು ಹುಲ್ಲು ಕೊಯ್ಯುವ ಹೊತ್ತಿನಲ್ಲಿ ಹುಲ್ಲನ್ನೇ ಕೊಯ್ದನು. ಅವನ ಮನಸ್ಸು ಎರಡಾಗಲಿಲ್ಲ. ಕೈಯಲ್ಲಿ ಕುಡುಗೋಲನ್ನು ಹಿಡಿದು ಮನದಲ್ಲಿ ಬೇರೊಂದನ್ನು ಎಣಿಸಲಿಲ್ಲ. ಕಾಯಕದಲ್ಲಿ ನಿರತನಾಗುವುದೆಂದರೆ ಇದು. ನಿರತನೆಂಬ ಶಬ್ದಕ್ಕೆ ಪೂರ್ಣವಾಗಿ ತೊಡಗಿದವನು ಎಂದು ಅರ್ಥ. ನನ್ನ ಶಿಷ್ಯನು ಪೂಜೆಯನ್ನು ಬಿಟ್ಟು ಕಾಯಕಕ್ಕೆ ಹೋಗಲಿಲ್ಲ. ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದನು, ಎರಡರಲ್ಲಿಯೂ ನಿರತನಾಗಲಿಲ್ಲ. ಚಂದಯ್ಯನದು ಏಕನಿಷ್ಠೆ, ಇವನದು ಇಬ್ಬಂದಿತನ. ಇಬ್ಬಂದಿತನಕ್ಕೆ ಚಂದಯ್ಯನ ಹೆಸರನ್ನು ಇಡಲಾಗದು.

ಇನ್ನೊಂದು ಭೇದವುಂಟು. ಚಂದಯ್ಯನು ಹುಲ್ಲು ತಂದು, ಹಗ್ಗ ಹೊಸೆದು, ಮಾರಿ, ಬಂದುದರಲ್ಲಿ ಜಂಗಮದಾಸೋಹ ಮಾಡುತ್ತಿದ್ದನು. ಆ ಕಾಯಕಕ್ಕೆ ತುದಿ ಮೊದಲು ಇದ್ದವು. ಹಗ್ಗದ ಕೊನೆಯ ಗಂಟು ಬಿದ್ದೊಡನೆ ಕೆಲಸ ಮುಗಿಯಿತು. ಅದು ದಾಸೋಹಕ್ಕೆ ಸಂದಿತು. ತುದಿಯೇ ಇಲ್ಲದ ದುಡಿಮೆಯಲ್ಲಿ ದಾಸೋಹಕ್ಕೆ ಹೊತ್ತು ಯಾವುದು? ಮನೆಯವರೊಡನೆ ಒಂದು ಮಾತು, ಬಂದವರಿಗೆ ಒಂದು ತುತ್ತು, ಮಗುವಿಗೆ ಒಂದು ಕಥೆ ಇವೂ ಗೃಹಸ್ಥನ ದಾಸೋಹವೇ. ದಾಸೋಹವನ್ನು ನುಂಗುವ ದುಡಿಮೆಯು ಎಷ್ಟು ಶ್ರಮದ್ದಾದರೂ ಅದನ್ನು ಕಾಯಕವೆನ್ನಲು ಶರಣರು ಒಪ್ಪಲಾರರು.

ಹಾಗಾದರೆ ಕಾಯಕಕ್ಕೆ ಅಳತೆ ಹಾಕಿದವರು ಯಾರು? ಆಯ್ದಕ್ಕಿ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳಲ್ಲಿ ಮಾರಯ್ಯನದು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಅವರ ಕಥೆಯಲ್ಲಿ ಲಕ್ಕಮ್ಮನು ಗಂಡನಿಗೆ ಎರಡು ಸಲ ಎಚ್ಚರ ಹೇಳುತ್ತಾಳೆ. ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿದೆ, ನಡೆಯೆಂದು ಎಬ್ಬಿಸಿದುದು ಒಂದು ಸಲ. ಅವನು ಒಂದು ದಿನ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ, ಇಷ್ಟೇಕೆ ತಂದೆ, ಇದು ಆಸೆಯಲ್ಲದೆ ಮತ್ತೇನು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದುದು ಇನ್ನೊಂದು ಸಲ. ಮೊದಲನೆಯ ಎಚ್ಚರವನ್ನು ನಾವು ಚೆನ್ನಾಗಿ ನೆನಪಿಟ್ಟೆವು. ಮಕ್ಕಳಿಗೆ ದಿನವೂ ಹೇಳುತ್ತೇವೆ. ಎರಡನೆಯದನ್ನು ಮರೆತೆವು. ಆದರೆ ಇವೆರಡೂ ಒಂದೇ ಬಾಯಿಂದ ಬಂದ, ಒಂದೇ ಧರ್ಮದ ಎರಡು ಮುಖಗಳು. ಹೊತ್ತಿಗೆ ತೊಡಗದಿರುವುದು ಎಷ್ಟು ದೋಷವೋ, ಅಳತೆಗೆ ನಿಲ್ಲದಿರುವುದೂ ಅಷ್ಟೇ ದೋಷ.

ಅಳತೆ ಮೀರಿದ ದುಡಿಮೆಯ ಬೆನ್ನ ಹಿಂದೆ ಎರಡರಲ್ಲಿ ಒಂದು ನಿಂತಿರುತ್ತದೆ: ಆಸೆ, ಇಲ್ಲವೆ ಭಯ. "ನಿನ್ನದು ಯಾವುದು?" ಎಂದು ಶಿಷ್ಯನನ್ನು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ. ಉತ್ತರ ಬರೆಯದಿದ್ದರೆ ನನ್ನನ್ನು ಸೋಮಾರಿಯೆಂದು ಎಣಿಸುವರೆಂಬ ಭಯ. ಬೇಗ ಬರೆದರೆ ಮುಂದಿನ ಬಡ್ತಿ ನನಗೇ ಎಂಬ ಆಸೆ" ಎಂದನು. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ಕೊಟ್ಟವನಿಗೆ ನಾನು ಬೋಧಿಸಬೇಕಾದುದು ಹೆಚ್ಚೇನೂ ಉಳಿಯಲಿಲ್ಲ.

ಉಳಿದುದು ನನಗೆ ನಾನೇ ಹೇಳಿಕೊಳ್ಳಬೇಕಾದ ಮಾತು. ಶಿಷ್ಯನ ಮ್ಯಾನೇಜರನ್ನು ಮನಸ್ಸಿನಲ್ಲಿ ದೂಷಿಸುತ್ತಿದ್ದಂತೆ ನನಗೊಂದು ಸಂಗತಿ ನೆನಪಾಯಿತು. ನಾನೂ ನಮ್ಮ ಶಾಲೆಯಲ್ಲಿ ಹಿರಿಯನು. ಊಟವಾದ ಮೇಲೆ, ರಾತ್ರಿ ಹತ್ತೂವರೆಗೆ, ಪರೀಕ್ಷೆಯ ಪಟ್ಟಿಯ ವಿಷಯವಾಗಿ ಕಿರಿಯ ಉಪಾಧ್ಯಾಯಿನಿಯೊಬ್ಬರಿಗೆ ವಾಟ್ಸಾಪಿನಲ್ಲಿ ಸಂದೇಶ ಬರೆಯುವುದು ನನಗೆ ರೂಢಿಯಾಗಿತ್ತು. ಅದು ನನ್ನ ಕಾರ್ಯಶ್ರದ್ಧೆಯೆಂದೇ ಭಾವಿಸಿದ್ದೆನು. ಆ ತಾಯಿಯು ಒಂದು ರಾತ್ರಿ ಜ್ವರದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನಗೆ ಉತ್ತರ ಬರೆದರೆಂಬುದು ಬಹಳ ದಿನಗಳ ಮೇಲೆ ಬೇರೊಬ್ಬರಿಂದ ತಿಳಿಯಿತು. ಮರುದಿನ ಹತ್ತು ಗಂಟೆಗೆ ಕೇಳಬಹುದಾಗಿದ್ದುದನ್ನು ನಾನು ಆ ರಾತ್ರಿ ಕೇಳಿದ್ದೆನು. ನನ್ನ ನೆನಪಿನ ಭಾರವನ್ನು ಇಳಿಸಿಕೊಳ್ಳಲು ಅವರ ನಿದ್ರೆಯ ಮೇಲೆ ಹೊರಿಸಿದ್ದೆನು. ಬಂಧುಗಳೇ, ಈ ದೋಷವು ಗಾಜಿನ ಕಟ್ಟಡಗಳಲ್ಲಿ ಮಾತ್ರವಿಲ್ಲ. ಅಂಗಡಿಯ ಗುಮಾಸ್ತನಿಗೆ ರಾತ್ರಿ ಫೋನು ಮಾಡುವ ಸಾಹುಕಾರರಲ್ಲಿಯೂ, ಮಠದ ಕಾರ್ಯಕರ್ತರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆಯುವ ನಮ್ಮಲ್ಲಿಯೂ ಇದೆ.

ಬೆಳ್ಳಂದೂರಿನಲ್ಲಿ ಒಂದು ಕೆರೆಯುಂಟು. ಸುಮಾರು 900 ಎಕರೆಯ ಆ ಕೆರೆಯು ಬೆಂಗಳೂರಿನ ಕೆರೆಗಳಲ್ಲಿ ಅತ್ಯಂತ ದೊಡ್ಡದು; ಅದರ ನೀರು ವರ್ತೂರು ಕೆರೆಯ ಮೂಲಕ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಕೆರೆ ಕಟ್ಟಿದ ನಮ್ಮ ಹಿರಿಯರಿಗೆ ಒಂದು ಜ್ಞಾನವಿತ್ತು. ಬರುವ ನೀರನ್ನು ತಡೆಯಲು ಏರಿ, ಬೇಕಾದಷ್ಟನ್ನು ಬಿಡಲು ತೂಬು, ಹೆಚ್ಚಾದುದು ಹರಿದುಹೋಗಲು ಕೋಡಿ. ಈ ಮೂರೂ ಇದ್ದರೆ ಕೆರೆ. ಇಲ್ಲದಿದ್ದರೆ ಬರಿಯ ಹಳ್ಳ. ನಗರವು ಬೆಳೆದಂತೆ ಅದರ ಕೊಳಚೆ ಹಗಲಿರುಳೆನ್ನದೆ ಈ ಕೆರೆಗೆ ಹರಿಯಿತು. ತಾಳುವಷ್ಟು ಕಾಲ ಕೆರೆಯು ತಾಳಿತು. 2015ರಲ್ಲಿ ಅದರ ನೊರೆಯು ಮೇಲೆದ್ದು ರಸ್ತೆಗೆ ಹಾರಿತು. 2017ರ ಫೆಬ್ರುವರಿಯಲ್ಲಿ ಕೆರೆಯಲ್ಲಿ ಬೆಂಕಿ ಎದ್ದಿತು. 2018ರ ಜನವರಿಯಲ್ಲಿ ಮತ್ತೆ ಎದ್ದ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾಯಿತು. ನೀರಿರುವೆಡೆಯಲ್ಲಿ ಬೆಂಕಿ ಏಳುವುದೆಂದರೆ ಅದಕ್ಕಿಂತ ವಿಪರೀತವೇನು? ಮನುಷ್ಯನ ಮನಸ್ಸೂ ಒಂದು ಕೆರೆ. ಬಿಡುವಿಲ್ಲದೆ ಹರಿದುಬರುವುದನ್ನೆಲ್ಲ ತುಂಬಿಕೊಳ್ಳುತ್ತಿದ್ದರೆ, ತಂಪಾಗಿರಬೇಕಾದ ಸ್ಥಾನದಲ್ಲಿಯೇ ಉರಿ ಏಳುತ್ತದೆ. ಮಡದಿಯ ಮೇಲೆ ಕಾರಣವಿಲ್ಲದ ಸಿಡುಕು, ಮಗುವಿನ ಮೇಲೆ ಗದರಿಕೆ, ನಡುರಾತ್ರಿಯಲ್ಲಿ ಎಚ್ಚರ ಇವೇ ಆ ನೊರೆ, ಆ ಬೆಂಕಿ.

ಇದು ಬರಿಯ ಉಪಮೆಯಲ್ಲ. ದೇಹಕ್ಕೂ ಸಂಬಂಧಿಸಿದ ಮಾತು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಮಿಗಿಲಾಗಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯವು ಶೇಕಡಾ 35ರಷ್ಟೂ, ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯವು ಶೇಕಡಾ 17ರಷ್ಟೂ ಹೆಚ್ಚು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಶ್ರೀ ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದುದು ಎಲ್ಲೆಡೆ ಚರ್ಚೆಯಾಯಿತು. ದೇಶಾಭಿಮಾನದ ಮಾತೆಂದು ಅದನ್ನು ಗೌರವಿಸೋಣ. ಆದರೆ ದೇಹವು ಶಿವನು ಕೊಟ್ಟ ಸಾಧನವೆಂದು ನಂಬಿದ ನಾವು ಆ ಸಾಧನದ ಅಳತೆಯನ್ನೂ ಗೌರವಿಸಬೇಕಲ್ಲವೆ?

ರಾಜಶಾಸನವೂ ಈ ಅಳತೆಯನ್ನು ಬಲ್ಲದು. ನಮ್ಮ ರಾಜ್ಯದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಎಲ್ಲೆಯನ್ನು ಹಾಕಿತು. ಹೆಚ್ಚುವರಿ ದುಡಿಮೆಯೂ ಸೇರಿ ದಿನಕ್ಕೆ 12 ಗಂಟೆಯವರೆಗೆ ಇದನ್ನು ಹಿಗ್ಗಿಸುವ ಪ್ರಸ್ತಾವವು 2025ರ ಜೂನ್ ತಿಂಗಳಲ್ಲಿ ಬಂದಾಗ ನೌಕರರ ಸಂಘವು ಅದನ್ನು ವಿರೋಧಿಸಿತು. ಕೆಲಸದ ಹೊತ್ತು ಮುಗಿದ ಮೇಲೆ ಬರುವ ಸಂದೇಶಗಳಿಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ ದೇಶವು 2017ರ ಜನವರಿಯಿಂದಲೂ ಆಸ್ಟ್ರೇಲಿಯವು 2024ರ ಆಗಸ್ಟಿನಿಂದಲೂ ಕಾಯಿದೆಯಲ್ಲಿ ಸೇರಿಸಿದವು. ನಮ್ಮ ಲೋಕಸಭೆಯಲ್ಲಿ ಶ್ರೀಮತಿ ಸುಪ್ರಿಯಾ ಸುಳೆಯವರು 2018ರಲ್ಲಿ ಇಂತಹುದೇ ಮಸೂದೆಯನ್ನು ಮಂಡಿಸಿದರು, ಅದು ಕಾಯಿದೆಯಾಗಲಿಲ್ಲ. 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಮಂಡಿಸಿದರು. ಶಾಸನವು ಬರುವಾಗ ಬರಲಿ. ಶರಣರಾದರೋ ಅರಸನ ಆಜ್ಞೆಗಾಗಿ ಕಾದು ಕುಳಿತು ನೇಮ ಹಿಡಿದವರಲ್ಲ.

ಆದುದರಿಂದ ಗೃಹಸ್ಥನು ಹಿಡಿಯಬಹುದಾದ ನೇಮಗಳನ್ನು ಹೇಳುತ್ತೇನೆ. ಮೊದಲನೆಯದು, ಎಲ್ಲೆಯನ್ನು ಗುಟ್ಟಾಗಿ ಹಾಕಬಾರದು. ಸಂದೇಶವನ್ನು ನೋಡಿ ನೋಡದಂತೆ ಇರುವುದು ಅಸತ್ಯದ ಮಾರ್ಗ. ಹಗಲು ಹೊತ್ತಿನಲ್ಲಿ, ವಿನಯದಿಂದ, ಮೇಲಿನವರ ಮುಂದೆ ನಿಂತು, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ನಾನು ಪತ್ರಗಳನ್ನು ನೋಡುವುದಿಲ್ಲ, ನಿಜವಾದ ಆಪತ್ತಿದ್ದರೆ ಫೋನು ಮಾಡಿರಿ, ಬರುತ್ತೇನೆ ಎಂದು ಹೇಳಬೇಕು. ಬರೆಯುವುದು ಸುಲಭ, ಕರೆಯುವುದಕ್ಕೆ ಸಂಕೋಚವುಂಟು. ಆ ಸಂಕೋಚವೇ ಆಪತ್ತನ್ನೂ ಅವಸರವನ್ನೂ ಬೇರ್ಪಡಿಸುವ ಜರಡಿಯಾಗುತ್ತದೆ.

ಎರಡನೆಯದು, ರಾತ್ರಿಯ ಕೆಲಸವು ತಪ್ಪದಿದ್ದರೆ ಅದಕ್ಕೆ ಸರದಿ ಇರಲಿ. ಹತ್ತು ಜನರು ಪ್ರತಿರಾತ್ರಿ ಅರೆಎಚ್ಚರದಲ್ಲಿರುವುದಕ್ಕಿಂತ ಒಬ್ಬನು ಪೂರ್ಣ ಎಚ್ಚರದಿಂದಿದ್ದು ಒಂಬತ್ತು ಜನರು ನಿದ್ರಿಸುವುದು ಧರ್ಮಕ್ಕೂ ಸರಿ, ಕೆಲಸಕ್ಕೂ ಸರಿ. ರಾತ್ರಿ ಎಚ್ಚರವಿದ್ದವನು ಬೆಳಿಗ್ಗೆ ತಡವಾಗಿ ಬರಲು ಅವಕಾಶವಿರಬೇಕು. ಒಬ್ಬನೇ ಕೇಳಿದರೆ ಅವನು ಸೋಮಾರಿ ಎನಿಸಿಕೊಳ್ಳುವನು. ಜತೆಗಾರರೆಲ್ಲ ಕೂಡಿ ಕೇಳಿದರೆ ಅದು ವ್ಯವಸ್ಥೆ ಎನಿಸಿಕೊಳ್ಳುವುದು. ಸಂಗದ ಬಲವೆಂಬುದು ಇದೇ.

ಮೂರನೆಯದು, ಪೂಜೆಯ ಕೋಣೆಗೂ ಊಟದ ಮನೆಗೂ ಫೋನು ಬರಬಾರದು. ಅದಕ್ಕೆ ಬಾಗಿಲ ಬಳಿ ಒಂದು ಗೂಡು ಇರಲಿ; ಚಪ್ಪಲಿಯನ್ನು ಬಿಟ್ಟಲ್ಲಿಯೇ ಅದನ್ನೂ ಬಿಡಬೇಕು. ಕರಸ್ಥಲವೆಂದು ನಾವು ಅಂಗೈಗೆ ಇಟ್ಟಿರುವ ಹೆಸರು ಸಾಮಾನ್ಯವಾದುದಲ್ಲ. ಆ ಸ್ಥಲವು ಲಿಂಗಕ್ಕೆ ಮೀಸಲು. ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಅಂಗೈಯಲ್ಲಿ ಏನು ಕುಳಿತಿದೆ, ನಾವು ಯಾವುದನ್ನು ನಿಟ್ಟಿಸುತ್ತೇವೆ ಎಂದು ಪ್ರತಿಯೊಬ್ಬರೂ ಒಮ್ಮೆ ಕೇಳಿಕೊಳ್ಳೋಣ.

ನಾಲ್ಕನೆಯದು, ಮೇಲಿನ ಸ್ಥಾನದಲ್ಲಿರುವವರಿಗೆ. ರಾತ್ರಿಯಲ್ಲಿ ನೆನಪಾದುದನ್ನು ರಾತ್ರಿಯೇ ಬರೆದಿಡಿರಿ, ಬೆಳಿಗ್ಗೆ ಕಳಿಸಿರಿ. ಪತ್ರವು ಬೆಳಿಗ್ಗೆ ತಾನಾಗಿ ಹೋಗುವಂತೆ ಮಾಡುವ ಅನುಕೂಲವೂ ಈಗ ಆ ಯಂತ್ರದಲ್ಲಿಯೇ ಇದೆ. "ಈಗಲೇ ಉತ್ತರ ಬೇಡ" ಎಂದು ಬರೆದು ಕಳಿಸಿದರೂ ಕೈಕೆಳಗಿನವನ ನಿದ್ರೆ ಆಗಲೇ ಕೆಟ್ಟಿರುತ್ತದೆ.

ಕೊನೆಯ ಮಾತು ಮನೆಯವರಿಗೆ. ಇದೇ ಕಠಿಣವಾದ ಮಾತು. ಚಪ್ಪಲಿ ಮಾತ್ರ ಬರುತ್ತದೆಂದು ನೊಂದುಕೊಂಡ ಆ ತಾಯಿಯೇ ಊಟಕ್ಕೆ ಕುಳಿತಾಗ, ಇನ್ನೂ ದೊಡ್ಡ ಮನೆಯನ್ನು ನೋಡಿದ್ದೇವೆ, ಕಂತು ಸ್ವಲ್ಪ ಹೆಚ್ಚಾಗುತ್ತದೆ, ಇವನಿಗೆ ಬಡ್ತಿ ಬಂದರೆ ಕೊಳ್ಳಬಹುದು ಎಂದರು. ನಾನು, "ತಾಯೀ, ಆ ಕಂತನ್ನು ನಿಮ್ಮ ಮಗನು ಹಣದಲ್ಲಿ ಕಟ್ಟುವುದಿಲ್ಲ, ರಾತ್ರಿಗಳಲ್ಲಿ ಕಟ್ಟುತ್ತಾನೆ" ಎಂದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅಕ್ಕಿಯನ್ನು ಹಿಂದಿರುಗಿಸೆಂದು ಹೇಳಿದವಳು ಮನೆಯೊಡತಿಯಾದ ಲಕ್ಕಮ್ಮ; ಅಷ್ಟರಲ್ಲಿಯೇ ಅಡುಗೆ ಮಾಡಿ ದಾಸೋಹ ನಡೆಸುವ ಹೊಣೆಯನ್ನು ಹೊತ್ತವಳೂ ಅವಳೇ. ಸಾಕೆಂದು ಹೇಳುವವರು ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ, ಹೊರಗೆ ಎಲ್ಲೆ ಹಾಕೆಂದು ಮಗನಿಗೆ ಹೇಳಲು ನಮಗೆ ಅಧಿಕಾರವೆಲ್ಲಿದೆ?

ಇದಾದ ಎರಡು ತಿಂಗಳ ಮೇಲೆ ಶಿಷ್ಯನು ಮಠಕ್ಕೆ ಬಂದಿದ್ದನು. ಮ್ಯಾನೇಜರ ಬಳಿ ಮಾತನಾಡಿದನಂತೆ. ಅವರು ಕೋಪಗೊಳ್ಳದೆ, ತಮಗೂ ಮೇಲಿನವರಿಂದ ಹೀಗೆಯೇ ಪತ್ರಗಳು ಬರುತ್ತವೆಂದು ಹೇಳಿಕೊಂಡರಂತೆ. ಈಗ ಅವರ ತಂಡದಲ್ಲಿ ರಾತ್ರಿಗೆ ಸರದಿ ಇದೆ. ಎಲ್ಲವೂ ಸರಿಹೋಯಿತೆಂದು ಅವನು ಹೇಳಲಿಲ್ಲ. ಕೆಲವು ರಾತ್ರಿ ಇನ್ನೂ ಕೈ ತಾನಾಗಿ ಗೂಡಿನ ಕಡೆಗೆ ಹೋಗುತ್ತದೆ ಎಂದನು. ಬಡ್ತಿಯ ಸುದ್ದಿಯನ್ನು ನಾನೂ ಕೇಳಲಿಲ್ಲ, ಅವನೂ ಎತ್ತಲಿಲ್ಲ. ಹೊರಡುವಾಗ ಮಾತ್ರ ನಕ್ಕು, "ಗುರುಗಳೇ, ಈಗ ಪೂಜೆಯ ಹೊತ್ತಿಗೆ ಮಗಳು ತಾನೇ ನನ್ನ ಫೋನನ್ನು ಒಯ್ದು ಗೂಡಿನಲ್ಲಿಟ್ಟು ಬಂದು, ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ" ಎಂದನು.

ನಾನು ರಾತ್ರಿಯ ಸಂದೇಶಗಳನ್ನು ಬಿಟ್ಟಿದ್ದೇನೆ. ನೆನಪಾದುದನ್ನು ದಿಂಬಿನ ಪಕ್ಕದ ಚೀಟಿಯಲ್ಲಿ ಬರೆದಿಡುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಅದರಲ್ಲಿ ಅರ್ಧಕ್ಕರ್ಧ ಕೇಳುವ ಅಗತ್ಯವೇ ಇಲ್ಲದ ಮಾತಾಗಿರುತ್ತದೆ.

ಹೊತ್ತಿಗೆ ತೊಡಗುವ ಶಕ್ತಿಯನ್ನೂ ಅಳತೆಗೆ ನಿಲ್ಲುವ ಧೈರ್ಯವನ್ನೂ ಬಸವಾದಿ ಪ್ರಮಥರು ನಮಗೆಲ್ಲರಿಗೂ ಕರುಣಿಸಲಿ.